ಅಡವಿಟ್ಟ ಹತ್ತು ಪಾತ್ರಗಳು

ಹೊಲ ಅಡವಿಡುತ್ತಾರೆ, ಮನೆ ಅಡವಿಡುತ್ತಾರೆ, ಒಡವೆಯಂತೂ ಸರಿಯೇ ಸರಿ. ತೀರಾ ಕಷ್ಟ ಬಂದಾಗ ಅಟ್ಟದ ಮೇಲಿನ ತಾಮ್ರದ ಪಾತ್ರೆಗಳನ್ನು ಅಡವಿಟ್ಟ ಮನೆಗಳೂ ನಮ್ಮಲ್ಲಿವೆ. ಪಾತ್ರೆಗಳನ್ನಲ್ಲ, ಪಾತ್ರಗಳನ್ನೇ ಅಡವಿಟ್ಟು ಸಾಲ ತಂದವರೂ ಇದ್ದಾರೆ. 2005ರಲ್ಲಿ ಅಮೆರಿಕದ ಮಾರ್ವೆಲ್ ಕಂಪನಿ ಆ ಕೆಲಸ ಮಾಡಿತು. ಸಾಲದ ಏರ್ಪಾಡು ಮಾಡಿದ್ದು ಮೆರಿಲ್ ಲಿಂಚ್ ಎಂಬ ಹಣಕಾಸು ಸಂಸ್ಥೆ. ಮೊತ್ತ 52.5 ಕೋಟಿ ಡಾಲರ್. ಎಂಟು ವರ್ಷಗಳ ಅವಧಿಯಲ್ಲಿ ಹತ್ತು ಸಿನಿಮಾಗಳವರೆಗೆ ತೆಗೆಯಬಹುದು. ತೆಗೆದ ಸಿನಿಮಾಗಳು ಮಕಾಡೆ ಮಲಗಿದರೆ ಹತ್ತು ಹೆಸರುಗಳ ಚಿತ್ರಹಕ್ಕು ಸಾಲ ಕೊಟ್ಟವರ ಪಾಲು. ಕ್ಯಾಪ್ಟನ್ ಅಮೆರಿಕ, ಅವೆಂಜರ್ಸ್, ನಿಕ್ ಫ್ಯೂರಿ, ಬ್ಲ್ಯಾಕ್ ಪ್ಯಾಂಥರ್, ಆಂಟ್‌-ಮ್ಯಾನ್, ಡಾಕ್ಟರ್ ಸ್ಟ್ರೇಂಜ್, ಹಾಕ್‌ಐ, ಶಾಂಗ್‌-ಚಿ, ಕ್ಲೋಕ್ ಅಂಡ್ ಡ್ಯಾಗರ್, ಪವರ್ ಪ್ಯಾಕ್. ಕೊನೆಯ ಎರಡು ಹೆಸರು ನೀವು ಕೇಳಿರಲಾರಿರಿ. ಆಗ ಮಿಕ್ಕವುಗಳಲ್ಲೂ ಹೆಚ್ಚಿನವನ್ನು ಕಾಮಿಕ್ಸ್ ಓದದ ಯಾರೂ ಕೇಳಿರಲಿಲ್ಲ.

ಸೂಪರ್‌ಹೀರೋ ಸಿನಿಮಾಗಳು ಲೋಕದ ಮೇಲೆ ಬೀರಿದ ಪ್ರಭಾವ ಎಂದಾಗ ಮಾತು ಸಾಮಾನ್ಯವಾಗಿ ಗ್ರಾಫಿಕ್ಸಿಗೆ, ಗಳಿಕೆಗೆ, ಮಕ್ಕಳ ಟೀ ಶರ್ಟಿಗೆ ಹೋಗುತ್ತದೆ. ಅವೆಲ್ಲ ಇದ್ದದ್ದೇ. ನನಗೆ ಇವೆಲ್ಲಕ್ಕಿಂತ ಈ ಅಡವಿನ ಪತ್ರವೇ ಮುಖ್ಯ ಅನ್ನಿಸುತ್ತದೆ. ಪಾತ್ರವೊಂದು ಬ್ಯಾಂಕಿಗೆ ಒಪ್ಪಿಗೆಯಾಗುವ ಆಸ್ತಿ ಆಯಿತು ಎಂದರೆ ಅದನ್ನು ಸಾಯಿಸುವಂತಿಲ್ಲ, ಸುಮ್ಮನೆ ಬಿಡುವಂತೆಯೂ ಇಲ್ಲ. ಅದರ ಕಥೆ ಮುಗಿಯಕೂಡದು. ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ಸಿನಿಮಾ ಎಂಬುದರ ಆಕಾರ ಬದಲಾದದ್ದರ ಬೇರು ಇಲ್ಲಿದೆ ಎಂಬುದು ನನ್ನ ಎಣಿಕೆ. ಆ ಬೇರಿನ ತುದಿ ಹುಡುಕಿದರೆ ಅದು ಸಿನಿಮಾಕ್ಕಿಂತ ಹಿಂದೆ, ಒಂದು ಚೆಕ್ಕಿನ ತನಕ ಹೋಗುತ್ತದೆ.

1938ರ ಮಾರ್ಚ್ ತಿಂಗಳ ಚೆಕ್ಕು ಅದು. ಕ್ಲೀವ್‌ಲ್ಯಾಂಡ್ ಊರಿನ ಇಬ್ಬರು ಹುಡುಗರು, ಬರೆಯುವವನು ಜೆರ್ರಿ ಸೀಗಲ್, ಚಿತ್ರ ತೆಗೆಯುವವನು ಜೋ ಶುಸ್ಟರ್, ಸೂಪರ್‌ಮ್ಯಾನ್ ಎಂಬ ಪಾತ್ರದ ಎಲ್ಲ ಹಕ್ಕುಗಳನ್ನೂ ಪ್ರಕಾಶಕರಿಗೆ 130 ಡಾಲರಿಗೆ ಬರೆದುಕೊಟ್ಟರು. ಬೇರೆ ಕೆಲಸಗಳ ಬಾಕಿಯೂ ಸೇರಿ ಚೆಕ್ಕಿನ ಒಟ್ಟು ಮೊತ್ತ 412 ಡಾಲರ್. ಅದರಲ್ಲಿ ಇಬ್ಬರ ಹೆಸರಿನ ಕಾಗುಣಿತವೂ ತಪ್ಪಾಗಿತ್ತು. ಮುಂದೆ ಸೂಪರ್‌ಮ್ಯಾನ್ ಕೋಟಿಗಟ್ಟಲೆ ದುಡಿದ. ಇವರಿಬ್ಬರು 1947ರಲ್ಲಿ ದಾವೆ ಹೂಡಿ, ಕೆಲಸವನ್ನೂ ಪುಸ್ತಕದ ಮೇಲಿನ ತಮ್ಮ ಹೆಸರನ್ನೂ ಕಳೆದುಕೊಂಡರು. 1975ರ ಹೊತ್ತಿಗೆ ವಾರ್ನರ್ ಸಂಸ್ಥೆ ಸೂಪರ್‌ಮ್ಯಾನ್ ಸಿನಿಮಾಕ್ಕೆ ಸಿದ್ಧತೆ ನಡೆಸಿತ್ತು, ಶುಸ್ಟರ್ ಕಣ್ಣು ಮಂಜಾಗಿ ಕೂತಿದ್ದ. ಸೀಗಲ್ ಪತ್ರಿಕೆಗಳಿಗೆ ಕಾಗದ ಬರೆದು ತನ್ನ ಕಥೆ ಹೇಳಿಕೊಂಡ. ಕಂಪನಿಗೆ ಮುಜುಗರವಾಗಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರಿನ ಪಿಂಚಣಿ ಕೊಡಲು, ಸೃಷ್ಟಿಕರ್ತರೆಂದು ಹೆಸರು ಹಾಕಲು ಒಪ್ಪಿತು. ಮೂರು ವರ್ಷದ ಬಳಿಕ ತೆರೆಗೆ ಬಂದ ಆ ಸಿನಿಮಾದಲ್ಲಿ ಸೂಪರ್‌ಮ್ಯಾನ್‌ನ ತಂದೆಯಾಗಿ ಕೆಲವು ನಿಮಿಷ ಕಾಣಿಸಿಕೊಂಡ ಮಾರ್ಲನ್ ಬ್ರಾಂಡೊಗೆ ಸಿಕ್ಕ ಸಂಭಾವನೆ ಸುಮಾರು 37 ಲಕ್ಷ ಡಾಲರ್. ಅಂದಹಾಗೆ, ಆ 412 ಡಾಲರಿನ ಹಳೆಯ ಚೆಕ್ಕು 2012ರಲ್ಲಿ ಹರಾಜಿಗೆ ಬಂದು 1,60,000 ಡಾಲರಿಗೆ ಹೋಯಿತು. ಪಾತ್ರವನ್ನು ಮಾರಿ ಸಿಕ್ಕ ಹಣಕ್ಕಿಂತ, ಮಾರಿದ್ದಕ್ಕೆ ಸಾಕ್ಷಿಯಾದ ಕಾಗದಕ್ಕೆ ಬೆಲೆ ಹೆಚ್ಚು.

ಮಾರ್ವೆಲ್‌ನ ಕಥೆಯೂ ಇದರ ತಮ್ಮನೇ. ಅಲ್ಲಿ ಸ್ಟ್ಯಾನ್ ಲೀ ಜೊತೆ ಸೇರಿ ಫೆಂಟಾಸ್ಟಿಕ್ ಫೋರ್, ಹಲ್ಕ್, ಥಾರ್, ಎಕ್ಸ್‌-ಮೆನ್, ಬ್ಲ್ಯಾಕ್ ಪ್ಯಾಂಥರ್‌ಗಳನ್ನು ರೂಪಿಸಿದ ಜ್ಯಾಕ್ ಕರ್ಬಿಗೆ ಪುಟಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಕೂಲಿ ಸಿಗುತ್ತಿತ್ತು, ಪಾತ್ರಗಳಲ್ಲಿ ಪಾಲಿರಲಿಲ್ಲ. ಅವರು 1994ರಲ್ಲಿ ತೀರಿಕೊಂಡರು. ಮಕ್ಕಳು ಹಕ್ಕಿಗಾಗಿ ಹೋರಾಡಿ ಕೆಳಗಿನ ಕೋರ್ಟುಗಳಲ್ಲಿ ಸೋತರು. 2014ರಲ್ಲಿ ಸುಪ್ರೀಂ ಕೋರ್ಟು ಆ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುವ ಕೆಲವೇ ದಿನ ಮೊದಲು ರಾಜಿಯಾಯಿತು. ರಾಜಿಯ ವಿವರ ಹೊರಬರಲಿಲ್ಲ.

ಈಗ ಎಲ್ಲರ ಬಾಯಲ್ಲಿರುವ ‘ಯೂನಿವರ್ಸ್’ ಎಂಬ ಏರ್ಪಾಡು ಹುಟ್ಟಿದ್ದೂ ಆ ಕಾಲದ ಮಾರ್ವೆಲ್ ಕಚೇರಿಯಲ್ಲೇ. 1963ರಲ್ಲಿ ಸ್ಪೈಡರ್‌-ಮ್ಯಾನ್‌ಗೆಂದೇ ಹೊಸ ಪತ್ರಿಕೆ ಶುರುವಾದಾಗ ಅದರ ಮೊದಲ ಸಂಚಿಕೆಗೇ ಫೆಂಟಾಸ್ಟಿಕ್ ಫೋರ್ ನೆಂಟರಾಗಿ ಬಂದರು. ಚೆನ್ನಾಗಿ ಓಡುತ್ತಿದ್ದ ಪತ್ರಿಕೆಯ ಓದುಗರನ್ನು ಹೊಸದಕ್ಕೆ ಕರೆತರುವ ಉಪಾಯ. ನಮ್ಮ ಅಂಗಡಿಗಳಲ್ಲಿ ಸೋಪಿನ ಜೊತೆ ಶ್ಯಾಂಪೂ ಪೊಟ್ಟಣ ಅಂಟಿಸಿ ಕೊಡುತ್ತಾರಲ್ಲ, ಹಾಗೆ. ಇದನ್ನು ಹೀಗಳೆಯಲು ಹೇಳುತ್ತಿಲ್ಲ. ಒಬ್ಬರ ಕಥೆಯಲ್ಲಿ ಇನ್ನೊಬ್ಬರು ಹಾದುಹೋಗುವಾಗ ಓದುಗರಿಗೆ ಸಿಗುವ ಖುಷಿ ನಿಜವಾದದ್ದೇ. ಆದರೆ ಆ ಖುಷಿ ಸಾಧ್ಯವಾಗಬೇಕಾದರೆ ಪಾತ್ರಗಳೆಲ್ಲ ಒಂದೇ ಯಜಮಾನನ ಕೈಯಲ್ಲಿರಬೇಕು. ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತೊಂಬತ್ತರ ದಶಕ ತೋರಿಸಿತು.

ಆ ದಶಕದಲ್ಲಿ ಕಾಮಿಕ್ಸ್ ಮಾರುಕಟ್ಟೆ ಕುಸಿಯಿತು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಮೊದಲೂ ಆಮೇಲೂ ಕಂಪನಿ ತನ್ನ ಪಾತ್ರಗಳ ಚಿತ್ರಹಕ್ಕನ್ನು ಸಿಕ್ಕಸಿಕ್ಕವರಿಗೆ ಮಾರುತ್ತ ಬಂದಿತ್ತು. ಎಕ್ಸ್‌-ಮೆನ್ ಫಾಕ್ಸ್‌ಗೆ, ಬ್ಲೇಡ್ ನ್ಯೂ ಲೈನ್‌ಗೆ, ಹಲ್ಕ್ ಯೂನಿವರ್ಸಲ್‌ಗೆ. ಸ್ಪೈಡರ್‌-ಮ್ಯಾನ್ ಹಕ್ಕು 1985ರಲ್ಲಿ ಕ್ಯಾನನ್ ಎಂಬ ಸಣ್ಣ ಕಂಪನಿಗೆ 2,25,000 ಡಾಲರಿಗೆ ಹೋಗಿ, ಕೈಯಿಂದ ಕೈಗೆ ದಾಟಿ, ಹತ್ತಾರು ದಾವೆಗಳಲ್ಲಿ ಸಿಕ್ಕಿ, 1999ರಲ್ಲಿ ಸೋನಿಯ ಪಾಲಾಯಿತು. ಅದಕ್ಕೆ ಕೊಂಚ ಮುಂಚೆ ಮಾರ್ವೆಲ್ ತನ್ನಲ್ಲಿ ಉಳಿದಿದ್ದ ಬಹುತೇಕ ಪಾತ್ರಗಳನ್ನು ಒಟ್ಟಿಗೇ 2.5 ಕೋಟಿ ಡಾಲರಿಗೆ ಕೊಡಲು ಮುಂದಾಗಿತ್ತಂತೆ. ಸ್ಪೈಡರ್‌-ಮ್ಯಾನ್ ಒಬ್ಬ ಸಾಕು ಎಂದರಂತೆ ಸೋನಿಯವರು. ಹಾಲಿವುಡ್ ವ್ಯವಹಾರ ಬಲ್ಲ ಪತ್ರಕರ್ತರು ಇದನ್ನು ವರದಿ ಮಾಡಿದ್ದಾರೆ. ಮಾವಿನ ತೋಪು ಬೇಡ, ಒಂದು ಮರ ಕೊಡಿ ಎಂದ ಹಾಗೆ.

ಆ ಕಾಲದ ಒಂದು ಪ್ರಸಂಗವನ್ನು ಸ್ವಲ್ಪ ನಿಂತು ಹೇಳಬೇಕು. ಬರ್ನ್ಡ್ ಐಷಿಂಗರ್ ಎಂಬ ಜರ್ಮನ್ ನಿರ್ಮಾಪಕ ಫೆಂಟಾಸ್ಟಿಕ್ ಫೋರ್ ಹಕ್ಕು ಕೊಂಡಿದ್ದ. 1992ರ ಕೊನೆಯೊಳಗೆ ಚಿತ್ರೀಕರಣ ಶುರುವಾಗದಿದ್ದರೆ ಹಕ್ಕು ಮಾರ್ವೆಲ್‌ಗೆ ವಾಪಸು. ದೊಡ್ಡ ಬಂಡವಾಳ ಹುಟ್ಟಲಿಲ್ಲ. ಅಗ್ಗದ ಸಿನಿಮಾಗಳಿಗೆ ಹೆಸರಾದ ರೋಜರ್ ಕೊರ್ಮನ್ ಜೊತೆ ಸೇರಿ ಸುಮಾರು ಹತ್ತು ಲಕ್ಷ ಡಾಲರಿನಲ್ಲಿ, ಡಿಸೆಂಬರಿನ ಕೊನೆಯ ವಾರದಲ್ಲಿ, ಗಡುವಿಗೆ ಎರಡು ಮೂರು ದಿನ ಇರುವಾಗ ಕ್ಯಾಮೆರಾ ಚಾಲೂ ಮಾಡಿದರು. ಸಿನಿಮಾ ಮುಗಿಯಿತು. ನಟರು ಊರೂರು ತಿರುಗಿ ಪ್ರಚಾರ ಮಾಡಿದರು. 1994ರ ಜನವರಿಯಲ್ಲಿ ಮೊದಲ ಪ್ರದರ್ಶನ ಎಂದು ಗೊತ್ತಾಗಿತ್ತು. ಅದು ರದ್ದಾಯಿತು, ಚಿತ್ರ ಇಂದಿಗೂ ಅಧಿಕೃತವಾಗಿ ಬಿಡುಗಡೆಯಾಗಿಲ್ಲ. ಅದು ತೆರೆ ಕಾಣಲೆಂದು ತೆಗೆದ ಚಿತ್ರವೇ ಆಗಿರಲಿಲ್ಲ ಎಂದು ಸ್ಟ್ಯಾನ್ ಲೀ ಆಮೇಲೆ ಹೇಳಿದರು, ಐಷಿಂಗರ್ ಅಲ್ಲಗಳೆದ. ಏನೇ ಇರಲಿ, ಹಕ್ಕು ಅವನಲ್ಲೇ ಉಳಿಯಿತು, 2005ರಲ್ಲಿ ಅದೇ ಪಾತ್ರಗಳ ಭಾರೀ ಬಜೆಟ್ಟಿನ ಚಿತ್ರಕ್ಕೆ ಅವನೂ ನಿರ್ಮಾಪಕನಾದ. ಖಾಲಿ ಸೈಟು ಒತ್ತುವರಿಯಾಗದಿರಲೆಂದು ಮೂಲೆಯಲ್ಲೊಂದು ಶೆಡ್ಡು ಕಟ್ಟುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಇಲ್ಲಿ ಶೆಡ್ಡು ಎಂದರೆ ಹತ್ತಾರು ಜನರ ಒಂದು ವರ್ಷದ ದುಡಿಮೆ.

ಮತ್ತೆ 2005ಕ್ಕೆ ಬರೋಣ. ಬೇರೆಯವರು ತನ್ನ ಪಾತ್ರಗಳಿಂದ ಗಳಿಸುವುದನ್ನು ಮಾರ್ವೆಲ್ ನೋಡುತ್ತ ಕೂತಿತ್ತು. 2002ರ ‘ಸ್ಪೈಡರ್‌-ಮ್ಯಾನ್’ ಅಮೆರಿಕದಲ್ಲಿ ಮೊದಲ ವಾರಾಂತ್ಯದಲ್ಲೇ ಹತ್ತು ಕೋಟಿ ಡಾಲರ್ ದಾಟಿದ ಮೊದಲ ಸಿನಿಮಾ. ಹಕ್ಕು ಮಾರಿಕೊಂಡವರಿಗೆ ಅದರಲ್ಲಿ ಸಿಕ್ಕಿದ್ದು ಅಲ್ಪ. ಕಂಪನಿಗೆ ಹೊಸದಾಗಿ ಬಂದಿದ್ದ ಡೇವಿಡ್ ಮೈಸೆಲ್, ನಾವೇ ಸಿನಿಮಾ ತೆಗೆಯೋಣ, ದುಡ್ಡಿಲ್ಲದಿದ್ದರೆ ಪಾತ್ರಗಳನ್ನೇ ಅಡವಿಡೋಣ ಎಂಬ ಯೋಜನೆ ಹಾಕಿದ. ತಮಾಷೆ ಏನೆಂದರೆ, ಅಡವಿಟ್ಟ ಹತ್ತರಲ್ಲಿ ಐರನ್ ಮ್ಯಾನ್ ಇರಲೇ ಇಲ್ಲ. ಆ ಹಕ್ಕು ಬೇರೆ ಸ್ಟುಡಿಯೋಗಳಲ್ಲಿ ಸುತ್ತಾಡಿ ಆಗಷ್ಟೇ ಮನೆಗೆ ಮರಳುತ್ತಿತ್ತು. ಮಕ್ಕಳ ಗುಂಪೊಂದನ್ನು ಕೂರಿಸಿಕೊಂಡು ಪಾತ್ರಗಳ ಚಿತ್ರ ತೋರಿಸಿ, ಯಾವುದರ ಆಟಿಕೆ ಬೇಕು ಎಂದು ಕೇಳಿದಾಗ ಮಕ್ಕಳು ಐರನ್ ಮ್ಯಾನ್ ಕಡೆ ಬೆರಳು ತೋರಿಸಿದವಂತೆ. ಸುಮಾರು 14 ಕೋಟಿ ಡಾಲರ್ ವೆಚ್ಚದ ‘ಐರನ್ ಮ್ಯಾನ್’ 2008ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ 58 ಕೋಟಿಗೂ ಹೆಚ್ಚು ಗಳಿಸಿತು. ಮರುವರ್ಷ ಡಿಸ್ನಿ ಇಡೀ ಮಾರ್ವೆಲನ್ನು 400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಘೋಷಿಸಿತು.

ಆ ಸಿನಿಮಾದ ಕೊನೆಯಲ್ಲಿ, ಹೆಸರುಗಳೆಲ್ಲ ಉರುಳಿ ಹೋದ ಮೇಲೆ, ಅರ್ಧ ನಿಮಿಷದಷ್ಟು ಒಂದು ತುಣುಕು ಇದೆ. ಕತ್ತಲ ಕೋಣೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿದ ನಿಕ್ ಫ್ಯೂರಿ ನಿಂತಿರುತ್ತಾನೆ, ನಿನ್ನಂಥವರು ಇನ್ನೂ ಇದ್ದಾರೆ ಎಂಬರ್ಥದ ಮಾತಾಡುತ್ತಾನೆ. ಅಡವಿಟ್ಟ ಹತ್ತರಲ್ಲಿ ಒಬ್ಬ ತಲೆ ಹಾಕಿ ಮಿಕ್ಕವರ ಬರವನ್ನು ಸಾರಿದ ಗಳಿಗೆ ಅದು. ಹಳೆಯ ಕನ್ನಡ ಸಿನಿಮಾಗಳ ಕೊನೆಗೆ ‘ಶುಭಂ’ ಎಂದು ಮೂಡುತ್ತಿದ್ದುದು ನೆನಪಿರಬಹುದು. ಆ ಅಕ್ಷರ ಪೂರ್ತಿ ಮೂಡುವ ಮೊದಲೇ ಜನ ಚಪ್ಪಲಿ ಹುಡುಕುತ್ತ ಎದ್ದಿರುತ್ತಿದ್ದರು. ‘ಶುಭಂ’ ಎಂದರೆ ಕಥೆ ಮುಗಿಯಿತು, ಇನ್ನು ನಿಮ್ಮ ಮನೆಗೆ ನೀವು ಎಂದು. ಐರನ್ ಮ್ಯಾನ್‌ನ ಆ ಅರ್ಧ ನಿಮಿಷ ‘ಶುಭಂ’ ಅನ್ನು ಅಳಿಸಿಹಾಕಿತು. ಇಡೀ ಥಿಯೇಟರು ದೀಪ ಹತ್ತಿದ ಮೇಲೂ ಕೂತು, ಸಹಾಯಕರ, ಚಾಲಕರ, ಅಡುಗೆಯವರ ಹೆಸರು ಉರುಳುವುದನ್ನು ಕಾಯತೊಡಗಿತು. ಆ ಹೆಸರುಗಳನ್ನು ಓದಲೆಂದು ಅಲ್ಲ.

ಅಲ್ಲಿಂದ ಮುಂದಿನದು ವೇಗವಾಗಿ ನಡೆದ ಕಥೆ. ಸಿನಿಮಾ ಎಂಬುದು ಕಂತಾಯಿತು. ಮುಂದಿನ ಐದಾರು ವರ್ಷಗಳ ಬಿಡುಗಡೆಯ ದಿನಾಂಕ ಮೊದಲು ಘೋಷಣೆಯಾಗಿ, ಕಥೆ ಆಮೇಲೆ ಬರತೊಡಗಿತು. ಸ್ಯಾಮ್ಯುಯೆಲ್ ಜ್ಯಾಕ್ಸನ್ ಒಟ್ಟಿಗೆ ಒಂಬತ್ತು ಚಿತ್ರಗಳಿಗೆ ಸಹಿ ಹಾಕಿದರು. ನಿರ್ದೇಶಕರು ಬಂದುಹೋದರು, ನಿರ್ಮಾಪಕ ಕೆವಿನ್ ಫೈಗಿ ಉಳಿದರು. 2012ರ ‘ಅವೆಂಜರ್ಸ್’ ಸುಮಾರು 150 ಕೋಟಿ ಡಾಲರ್ ಗಳಿಸಿದ ಮೇಲೆ ಹಾಲಿವುಡ್ಡಿನ ಪ್ರತಿಯೊಬ್ಬರಿಗೂ ಒಂದು ಯೂನಿವರ್ಸ್ ಬೇಕಾಯಿತು. 2017ರಲ್ಲಿ ಯೂನಿವರ್ಸಲ್ ಸ್ಟುಡಿಯೋ ತನ್ನ ಹಳೆಯ ಭೂತಪ್ರೇತಗಳನ್ನು ಕೂಡಿಸಿ ‘ಡಾರ್ಕ್ ಯೂನಿವರ್ಸ್’ ಎಂದು ಹೆಸರಿಟ್ಟು, ಲಾಂಛನ ಮಾಡಿಸಿ, ತಾರೆಯರ ಗ್ರೂಪ್ ಫೋಟೋವನ್ನೂ ತೆಗೆಸಿತು. ಮೊದಲ ಚಿತ್ರವೇ ಸೋತು ಅಂಗಡಿ ಮುಚ್ಚಿತು. ನಾಮಫಲಕ ಬಂತು, ಸಾಮಾನು ಬರಲಿಲ್ಲ. 2019ರಲ್ಲಿ ಇಪ್ಪತ್ತೆರಡನೆಯ ಕಂತಾದ ‘ಎಂಡ್‌ಗೇಮ್’ ಸುಮಾರು 280 ಕೋಟಿ ಡಾಲರ್ ಗಳಿಸಿತು, ಭಾರತದಲ್ಲೇ 300 ಕೋಟಿ ರೂಪಾಯಿ ದಾಟಿತು. ಅದೇ ವರ್ಷ ಮಾರ್ಟಿನ್ ಸ್ಕೋರ್ಸೆಸಿ, ಇವು ಸಿನಿಮಾ ಅಲ್ಲ, ಮನರಂಜನಾ ಪಾರ್ಕುಗಳ ಹಾಗೆ ಎಂದಾಗ ಅಭಿಮಾನಿಗಳು ಸಿಟ್ಟಾದರು. ಆತ ಆಮೇಲೆ ಬರೆದ ಲೇಖನ ಓದಿದರೆ ದೂರು ಇರುವುದು ಅಭಿರುಚಿಯ ಬಗ್ಗೆ ಮಾತ್ರ ಅಲ್ಲ, ಥಿಯೇಟರಿನಲ್ಲಿ ಬೇರೆ ಸಿನಿಮಾಗಳಿಗೆ ಜಾಗ ಉಳಿಯುತ್ತಿಲ್ಲ ಎಂಬುದರ ಬಗ್ಗೆ ಕೂಡ. ಆ ಭಾಗ ಯಾರ ಜಗಳದಲ್ಲೂ ಬರಲಿಲ್ಲ.

ಅನುವಾದವೇ ಹೊಟ್ಟೆಪಾಡಾದ ನನ್ನಂಥವರಿಗೆ ಈ ಆಸ್ತಿ ವ್ಯವಹಾರ ಕಾಣುವುದು ಹೆಸರುಗಳಲ್ಲಿ. ಲೀ ಫಾಕ್‌ನ ಫ್ಯಾಂಟಮ್ ಭಾರತದ ಭಾಷೆಗಳಿಗೆ ಬಂದಾಗ ಹಿಂದಿಯಲ್ಲಿ ‘ವೇತಾಳ’ನಾದ, ಬಂಗಾಳಿಯಲ್ಲಿ ‘ಅರಣ್ಯದೇಬ್’ ಆದ, ತಮಿಳಿನಲ್ಲಿ ‘ಮುಖಮೂಡಿ ವೀರರ್ ಮಾಯಾವಿ’ ಆದ. ಒಂದೊಂದು ಭಾಷೆಯೂ ತನ್ನ ಉಗ್ರಾಣದಿಂದ ಒಂದೊಂದು ಹೆಸರು ತೆಗೆದುಕೊಟ್ಟಿತು. ಬಂಗಾಳಿಯವರಿಗೆ ಅವನು ಕಾಡಿನ ದೇವರು, ಹಿಂದಿಯವರಿಗೆ ವಿಕ್ರಮನ ಬೆನ್ನೇರಿದ ಬೇತಾಳನ ದಾಯಾದಿ. ಈಗ ಅದು ನಡೆಯುವುದಿಲ್ಲ. ಇಂಥ ಕೆಲಸದ ಜೊತೆಗೆ ಮೊದಲು ಬರುವುದು ಅನುವಾದಿಸಬಾರದ ಪದಗಳ ಪಟ್ಟಿ. ಹೆಸರು ಟ್ರೇಡ್‌ಮಾರ್ಕು, ಅದು ಜಗತ್ತಿನ ಎಲ್ಲ ಭಾಷೆಯಲ್ಲೂ ಒಂದೇ ದನಿಯಲ್ಲಿ ಕೇಳಿಸಬೇಕು, ಇಲ್ಲದಿದ್ದರೆ ಟಿಫಿನ್ ಡಬ್ಬಿಯ ಮೇಲೆ ಅಚ್ಚು ಹಾಕುವುದು ಹೇಗೆ? ಇನ್ನೂ ಒಂದು ಹೆಜ್ಜೆ ಮುಂದೆ ಹೋದರೆ, ‘ಸೂಪರ್‌ಹೀರೋ’ ಎಂಬ ಪದವೇ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಮಾರ್ವೆಲ್ ಮತ್ತು ಡಿಸಿ ಕಂಪನಿಗಳ ಜಂಟಿ ಟ್ರೇಡ್‌ಮಾರ್ಕ್ ಆಗಿತ್ತು. ಒಬ್ಬರಿಗೊಬ್ಬರು ಪೈಪೋಟಿಯ ಎರಡು ಕಂಪನಿಗಳು ಒಂದು ಸಾಮಾನ್ಯ ನಾಮಪದವನ್ನು ಹಂಚಿಕೊಂಡು ಬೇಲಿ ಹಾಕಿಕೊಂಡಿದ್ದವು. 2024ರಲ್ಲಿ ಸಣ್ಣ ಕಂಪನಿಯೊಂದು ಅರ್ಜಿ ಹಾಕಿದಾಗ ಇವರು ಉತ್ತರಿಸಲಿಲ್ಲ, ಅಮೆರಿಕದ ಟ್ರೇಡ್‌ಮಾರ್ಕ್ ಕಚೇರಿ ನೋಂದಣಿ ರದ್ದುಮಾಡಿತು. ಭಾಷಾವಿಜ್ಞಾನ ಓದಿದವರಿಗೆ ಪದವೊಂದು ಜೈಲಿನಿಂದ ಬಿಡುಗಡೆಯಾಗುವ ಸುದ್ದಿ ದಿನಾ ಸಿಗುವುದಿಲ್ಲ.

ಕನ್ನಡದ ಮಟ್ಟಿಗೆ ಇನ್ನೊಂದು ಬೇಲಿಯೂ ಇತ್ತು. ಅರವತ್ತರ ದಶಕದಲ್ಲಿ ಶುರುವಾದ ಡಬ್ಬಿಂಗ್ ವಿರೋಧ ಅರ್ಧ ಶತಮಾನ ನಡೆಯಿತು. ಸಣ್ಣ ಚಿತ್ರರಂಗವೊಂದು ಮದ್ರಾಸಿನ ನೆರಳಿನಿಂದ ಹೊರಬಂದು ಕಾಲೂರಲು ಅದು ಆಗ ಬೇಕಾಗಿತ್ತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಅದರ ಲೆಕ್ಕ ಕೊಟ್ಟವರು ಯಾರು ಎಂಬುದನ್ನೂ ನೋಡಬೇಕು. 2007ರಲ್ಲಿ ‘ಸ್ಪೈಡರ್‌-ಮ್ಯಾನ್ 3’ ಹಿಂದಿ, ತಮಿಳು, ತೆಲುಗು ಮಾತ್ರವಲ್ಲ, ಭೋಜಪುರಿಯಲ್ಲೂ ಬಂತು. ಕನ್ನಡದಲ್ಲಿ ಇಲ್ಲ. ‘ಎಂಡ್‌ಗೇಮ್’ಗೆ ತಮಿಳು ಸಂಭಾಷಣೆ ಬರೆದವರು ಎ. ಆರ್. ಮುರುಗದಾಸ್, ಐರನ್ ಮ್ಯಾನ್‌ಗೆ ದನಿ ಕೊಟ್ಟವರು ವಿಜಯ್ ಸೇತುಪತಿ. ದನಿ ಸರಿಹೊಂದಲಿಲ್ಲ ಎಂದು ಅಲ್ಲಿ ಗಲಾಟೆಯೂ ಆಯಿತು. ಕನ್ನಡದಲ್ಲಿ ಜಗಳವಾಡಲು ದನಿಯೇ ಇರಲಿಲ್ಲ. 2015ರಲ್ಲಿ ಕಾಂಪಿಟಿಷನ್ ಕಮಿಷನ್ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಆದೇಶ ಕೊಟ್ಟಿತು, 2017ರಿಂದ ಒಂದೊಂದೇ ಚಿತ್ರ ಬರತೊಡಗಿತು. 2023ರಲ್ಲಿ ‘ಅಕ್ರಾಸ್ ದ ಸ್ಪೈಡರ್‌-ವರ್ಸ್’ ಇಂಗ್ಲಿಷೂ ಸೇರಿ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು. ಅದರಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌-ಮ್ಯಾನ್, ಅಮೆರಿಕದ ಹುಡುಗ ‘ಚಾಯ್ ಟೀ’ ಎಂದದ್ದಕ್ಕೆ ರೇಗುತ್ತಾನೆ, ಚಹಾ ಚಹಾ ಅಂದ ಹಾಗಾಯಿತಲ್ಲ ಎಂದು. ಇಂಗ್ಲಿಷಿನಲ್ಲಿ ಈ ನಗೆಚಾಟಿಕೆ ಸಲೀಸು. ಎಲ್ಲರೂ ಭಾರತೀಯ ಭಾಷೆಯಲ್ಲೇ ಮಾತಾಡುತ್ತಿರುವ ಡಬ್ಬಿಂಗಿನಲ್ಲಿ ಅಮೆರಿಕದ ಹುಡುಗನ ತಪ್ಪನ್ನು ತಪ್ಪೆಂದು ತೋರಿಸುವುದು ಹೇಗೆ ಎಂಬುದು ಅನುವಾದಕರಿಗೆ ಒಂದು ವಾರದ ತಲೆನೋವು.

ಪುಣೆಯಲ್ಲೋ ದೆಹಲಿಯಲ್ಲೋ ಇರುವ ನಿಮ್ಮ ಮನೆಯ ಮಕ್ಕಳು ಇವನ್ನೆಲ್ಲ ನೋಡಿರುವುದು ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಅವರಿಗೆ ಥಾರ್ ಹಿಂದಿಯವನು. ಕನ್ನಡ ಎಂದರೆ ಅಜ್ಜಿ ಮಾತಾಡುವ ಭಾಷೆ, ಲೋಕ ಉಳಿಸುವವರು ಮಾತಾಡುವ ಭಾಷೆ ಅಲ್ಲ. ಇದು ದೂರಲ್ಲ, ಆದದ್ದು ಹೀಗೆ.

ಭಾರತೀಯ ಸಿನಿಮಾದ ಮೇಲಾದ ಪರಿಣಾಮಕ್ಕೆ ಬಂದರೆ, ನಮ್ಮಲ್ಲಿ ಮೊದಲಿನಿಂದ ಆಸ್ತಿ ಎಂದರೆ ನಟ, ಪಾತ್ರವಲ್ಲ. ಕನ್ನಡದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ದೊರೆ-ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ತೆಗೆದು ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಮಾಡಿದರು. ಆಮೇಲೆ ‘ಗೋವಾದಲ್ಲಿ ಸಿ.ಐ.ಡಿ. 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕು ಚಿತ್ರಗಳ, ಹತ್ತು ವರ್ಷಗಳ ಸರಣಿ. ಪ್ರತಿ ಚಿತ್ರಕ್ಕೂ ಅದರದೇ ಕೊನೆ ಇತ್ತು, ಎರಡನೆಯದನ್ನು ನೋಡಲು ಮೊದಲನೆಯದನ್ನು ನೋಡಿರಬೇಕಿರಲಿಲ್ಲ. ಬಾಂಡ್ ಪಾತ್ರಕ್ಕೆ ಒಬ್ಬರಾದ ಮೇಲೊಬ್ಬ ನಟರು ಬಂದರು. ನಮ್ಮ 999ಕ್ಕೆ ಇನ್ನೊಬ್ಬರು ಬರಲಿಲ್ಲ. ಆ ಸಂಖ್ಯೆಗೆ ಬೆಲೆ ಇದ್ದದ್ದು ಅದನ್ನು ಹೊತ್ತಿದ್ದವರಿಂದ.

ಈಗ ತಕ್ಕಡಿ ಇನ್ನೊಂದು ಕಡೆ ವಾಲುತ್ತಿದೆ. ‘ಕೆ.ಜಿ.ಎಫ್.’ 2018ರಲ್ಲಿ ‘ಚಾಪ್ಟರ್ 1’ ಎಂದೇ ಹುಟ್ಟಿತು. 2022ರ ಎರಡನೆಯ ಚಾಪ್ಟರಿನ ಹೆಸರುಗಳು ಉರುಳಿದ ಮೇಲೆ ಮೂರನೆಯದರ ಸುಳಿವು ಇತ್ತು, ನಾಯಕ ಸಮುದ್ರದ ಪಾಲಾಗಿದ್ದರೂ. ಹಿಂದಿಯಲ್ಲಿ ಪೊಲೀಸರದೊಂದು ಯೂನಿವರ್ಸ್, ಗೂಢಚಾರರದೊಂದು. ತೆಲುಗಿನಲ್ಲಿ ‘ಹನುಮಾನ್’. ಕೆ.ಜಿ.ಎಫ್. ತೆಗೆದ ಬೆಂಗಳೂರಿನ ಹೊಂಬಾಳೆಯೇ ‘ಮಹಾವತಾರ್ ನರಸಿಂಹ’ದ ಜೊತೆ ನಿಂತು, ವಿಷ್ಣುವಿನ ಅವತಾರಗಳ ಏಳು ಚಿತ್ರಗಳ ಪಟ್ಟಿಯನ್ನು 2037ರ ತನಕ ಘೋಷಿಸಿದೆ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು 2025ರ ಮಲಯಾಳಂ ಚಿತ್ರ ‘ಲೋಕಃ: ಚಾಪ್ಟರ್ 1’. ಕೇರಳದ ಐತಿಹ್ಯದ ಯಕ್ಷಿ ಕಳ್ಳಿಯಂಕಾಟ್ಟು ನೀಲಿ ಇಂದಿನ ಬೆಂಗಳೂರಿಗೆ ಬಂದು ರಾತ್ರಿ ಪಾಳಿಯ ಕೆಲಸ ಮಾಡುವ ಕಥೆ. ಲವಲವಿಕೆಯ ಸಿನಿಮಾ, ನನಗೆ ಇಷ್ಟವೂ ಆಯಿತು. ಆದರೆ ನೀಲಿ ಯಾರ ಸ್ವತ್ತೂ ಅಲ್ಲ. ಆ ಸಿನಿಮಾದ ಚಂದ್ರ ಎಂಬವಳು ಒಂದು ಕಂಪನಿಯ ಸ್ವತ್ತು.

ಈ ಹಂತದಲ್ಲಿ ಯಾರಾದರೂ ಹೇಳುವ ಮಾತೊಂದಿದೆ: ‘ಇದರಲ್ಲಿ ಹೊಸದೇನಿದೆ, ನಮ್ಮ ಮಹಾಭಾರತವೇ ಮೊದಲ ಮಲ್ಟಿವರ್ಸ್.’ ಅರ್ಧ ನಿಜ. ಒಬ್ಬರ ಕಥೆಯಲ್ಲಿ ಇನ್ನೊಬ್ಬರು ನುಗ್ಗುವುದು, ಉಪಕಥೆ, ಪೂರ್ವಕಥೆ, ಶಾಪ, ಮರುಹುಟ್ಟು ಎಲ್ಲ ಅಲ್ಲಿದೆ. ಇಲ್ಲದಿರುವುದು ಮಾಲೀಕ. ಅರಿಕೇಸರಿಯ ಆಶ್ರಯದಲ್ಲಿ ಪಂಪ ಹತ್ತನೆಯ ಶತಮಾನದಲ್ಲಿ ಅರ್ಜುನನನ್ನು ನಾಯಕನನ್ನಾಗಿಸಿ, ಅರಸನನ್ನೇ ಅವನಲ್ಲಿ ಕಂಡ; ಅರಸ ಅಗ್ರಹಾರ ಕೊಟ್ಟ. ಕೊಟ್ಟ ಮಾತ್ರಕ್ಕೆ ಅರ್ಜುನನ ಹಕ್ಕು ಅರಿಕೇಸರಿಗೆ ಬರಲಿಲ್ಲ. ಕೆಲವು ದಶಕಗಳ ನಂತರ ರನ್ನ ಇನ್ನೊಬ್ಬ ಅರಸ ಸತ್ಯಾಶ್ರಯನಿಗಾಗಿ ಅದೇ ಕಥೆಯಲ್ಲಿ ಭೀಮನನ್ನು ನಾಯಕನನ್ನಾಗಿಸಿದ, ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕುಮಾರವ್ಯಾಸ ಕೇಳಲಿಲ್ಲ. 1979ರಲ್ಲಿ ‘ಪರ್ವ’ ಪ್ರಕಟಿಸಿದ ಭೈರಪ್ಪನವರೂ ಕೇಳಬೇಕಿರಲಿಲ್ಲ. ಯಕ್ಷಗಾನದಲ್ಲಿ ಬಲರಾಮನಾಗಲಿ ಕರ್ಣನಾಗಲಿ ಒಂದು ಮೇಳದ ಸೊತ್ತಲ್ಲ, ಬೆಳಗಿನ ಜಾವ ಮಂಗಳ ಹಾಡಿದ ಮೇಲೆ ಮರುದಿನ ಬೇರೆ ಊರಿನಲ್ಲಿ ಬೇರೆ ಮೇಳದ ಕರ್ಣ ಬೇರೆ ರೀತಿಯಲ್ಲಿ ಸಾಯುತ್ತಾನೆ. ಅವನು ಸಾಯಬಹುದು. ಟೋನಿ ಸ್ಟಾರ್ಕ್ ‘ಎಂಡ್‌ಗೇಮ್’ನಲ್ಲಿ ಸತ್ತಾಗ ಜನ ಥಿಯೇಟರಿನಲ್ಲಿ ನಿಜವಾಗಿ ಅತ್ತರು. ಐದು ವರ್ಷದ ನಂತರ, 2024ರಲ್ಲಿ, ಅದೇ ರಾಬರ್ಟ್ ಡೌನಿ ಜೂನಿಯರ್ ಇನ್ನೊಂದು ಮುಖವಾಡ ತೊಟ್ಟು ಡಾಕ್ಟರ್ ಡೂಮ್ ಆಗಿ ಮರಳುತ್ತಾರೆಂದು ವೇದಿಕೆಯ ಮೇಲೆ ಘೋಷಣೆಯಾಯಿತು.

ಒಂದೇ ಒಂದು ಕಡೆ ಈ ಯಂತ್ರ ತಡೆದು ನಿಂತದ್ದುಂಟು. ಬ್ಲ್ಯಾಕ್ ಪ್ಯಾಂಥರ್ ಆಗಿದ್ದ ಚಾಡ್‌ವಿಕ್ ಬೋಸ್‌ಮನ್ 2020ರಲ್ಲಿ ತೀರಿಕೊಂಡಾಗ, ಅಡವಿಟ್ಟ ಹತ್ತರಲ್ಲಿ ಒಂದಾಗಿದ್ದ ಆ ಪಾತ್ರಕ್ಕೆ ಮುಂದಿನ ಚಿತ್ರದಲ್ಲಿ ಇನ್ನೊಬ್ಬ ನಟನನ್ನು ತರಲಿಲ್ಲ. ಕಥೆಯೊಳಗೂ ರಾಜ ಸತ್ತ, ತಂಗಿ ಮುಖವಾಡ ಧರಿಸಿದಳು. ಆಗ ‘ಪಾತ್ರ ದೊಡ್ಡದು, ನಟ ಬದಲಾಗಲಿ’ ಎಂದು ವಾದಿಸಿದ ಅಭಿಮಾನಿಗಳೂ ಇದ್ದರು. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಆ ಒಂದು ಸಿನಿಮಾದಲ್ಲಿ ಮಾತ್ರ ಸಾವಿಗೆ ಸಾವಿನ ತೂಕವಿತ್ತು.

ಮುಗಿಯದ ಕಥೆಗೆ ಮುಗಿಯದ ದುಡಿಮೆ ಬೇಕು. ಈ ಚಿತ್ರಗಳ ಗ್ರಾಫಿಕ್ಸ್ ಕೆಲಸದ ದೊಡ್ಡ ಪಾಲು ವರ್ಷಗಳಿಂದ ಮುಂಬೈ, ಚೆನ್ನೈ, ಹೈದರಾಬಾದ್, ಬೆಂಗಳೂರುಗಳಲ್ಲಿ ನಡೆಯುತ್ತಿದೆ. ಇದನ್ನು ಓದುತ್ತಿರುವ ಕೆಲವರೇ ಆ ಕೆಲಸ ಮಾಡಿರಬಹುದು, ಮಾಡುತ್ತಿರುವವರ ಅಕ್ಕಪಕ್ಕದ ಮನೆಯಲ್ಲಿರಬಹುದು. ಅಮೆರಿಕದಲ್ಲಿ ಮಾರ್ವೆಲ್‌ನ ಗ್ರಾಫಿಕ್ಸ್ ಕೆಲಸಗಾರರು 2023ರಲ್ಲಿ ಒಮ್ಮತದಿಂದ ಮತ ಹಾಕಿ ಯೂನಿಯನ್ ಕಟ್ಟಿಕೊಂಡರು. ಇಲ್ಲಿ ಅಂಥದ್ದೇನೂ ಇಲ್ಲ. ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ಯ ಮರಮನುಷ್ಯ ಗ್ರೂಟ್‌ನನ್ನು ಮೂಡಿಸಿದ ಎಂಪಿಸಿ ಸ್ಟುಡಿಯೋದ ಮಾಲೀಕ ಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರವರಿಯಲ್ಲಿ ಏಕಾಏಕಿ ಕುಸಿದಾಗ ಬೆಂಗಳೂರಿನ ಕಚೇರಿಯೂ ಮುಚ್ಚಿತು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಉರುಳುವ ಹೆಸರುಗಳಲ್ಲಿ, ಕೊನೆಯ ತುಣುಕಿಗಾಗಿ ಕಾಯುತ್ತ ನಾವು ಓದದೆ ಬಿಟ್ಟದ್ದು ಇವರ ಹೆಸರನ್ನೇ.

ಈಗೀಗ ಜನಕ್ಕೂ ಸುಸ್ತಾದಂತಿದೆ. 2023ರ ‘ದ ಮಾರ್ವೆಲ್ಸ್’ ಆ ಸರಣಿಯಲ್ಲೇ ಅತಿ ಕಡಿಮೆ ಗಳಿಸಿತು. ತೀರಾ ಹೆಚ್ಚು ತೆಗೆದೆವು ಎಂದು ಡಿಸ್ನಿಯ ಮುಖ್ಯಸ್ಥರೇ ಒಪ್ಪಿಕೊಂಡರು. ಆದರೆ ಆಸ್ತಿಗೆ ಇರುವ ನಿಜವಾದ ಗಡುವು ಬೇಸರ ಅಲ್ಲ, ಕಾನೂನು. ಅಮೆರಿಕದ ಕಾನೂನಿನಂತೆ ಇಂಥ ಕೃತಿಗಳ ಕಾಪಿರೈಟು 95 ವರ್ಷ. ಮಿಕ್ಕಿ ಮೌಸ್‌ನ ಮೊದಲ ರೂಪ 2024ರ ಜನವರಿ 1ಕ್ಕೆ ಎಲ್ಲರದಾಯಿತು. 2034ರ ಜನವರಿ 1ಕ್ಕೆ, 130 ಡಾಲರಿಗೆ ಕೈಬಿಟ್ಟು ಹೋದ ಸೂಪರ್‌ಮ್ಯಾನ್ ಎಲ್ಲರವನಾಗುತ್ತಾನೆ, ಮರುವರ್ಷ ಬ್ಯಾಟ್‌ಮ್ಯಾನ್. ಆಮೇಲೆ ಯಾರು ಬೇಕಾದರೂ ಅವನ ಕಥೆ ಬರೆಯಬಹುದು, ಬೇಕಿದ್ದರೆ ಮುಗಿಸಲೂಬಹುದು. ಲಾಂಛನದ ಟ್ರೇಡ್‌ಮಾರ್ಕು ಕಂಪನಿಯಲ್ಲೇ ಉಳಿಯುತ್ತದೆ. ಆಮೇಲಿನ ವರ್ಷಗಳಲ್ಲಿ ಅವನಿಗೆ ಸೇರಿಕೊಂಡ ಶಕ್ತಿಗಳೂ ಸದ್ಯಕ್ಕೆ ಸಿಗುವುದಿಲ್ಲ, ಸಿಗುವುದು 1938ರ ಮೊದಲ ಸಂಚಿಕೆಯಲ್ಲಿ ಇದ್ದವನು ಮಾತ್ರ. ಅವನಿಗೆ ಇನ್ನೂ ಹಾರಲು ಬರುತ್ತಿರಲಿಲ್ಲ. ಒಂದೇ ನೆಗೆತಕ್ಕೆ ಮೈಲಿಯ ಎಂಟನೆಯ ಒಂದು ಭಾಗ, ಎಂದರೆ ನಮ್ಮ ಲೆಕ್ಕದಲ್ಲಿ ಸರಿಯಾಗಿ ಒಂದು ಫರ್ಲಾಂಗು, ಜಿಗಿಯುತ್ತಿದ್ದ.